ಜೋಕಾಲಿಯಿಂದ ಬಿದ್ದ ಮೇಲೆ

ಹೂವಿನಹಡಗಲಿ
೧೧-೧೦-೧೯೯೮

ಪ್ರೀತಿಯ ಅಕ್ಕ ನಾಗಲಿಂಗಮ್ಮನಿಗೆ ತಂಗಿ ಪುಷ್ಪಲತಾಳ ಶರಣು.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಪಂಚಮಿಯ ದಿನ ಪಕ್ಕದ ಮನೆಯ ಹೊನ್ನೂರಮ್ಮನ ಜೊತೆ ಜೋಕಾಲಿ ಜೀಕುವಾಗ ಕೈಜಾರಿ, ತಲೆ ಬೇವಿನ ಬೇರಿಗೆ ಬಡಿದದ್ದು ನಿನಗೆ ಗೊತ್ತೇ ಇದೆ. ಆಮೇಲೆ ಬರೆಯಲು ಕೂತರೆ ಅಕ್ಷರಗಳು ತೇಲಾಡುತ್ತಿದ್ದವು.

ಸ್ಕ್ಯಾನಿನಲ್ಲಿ ಏನೂ ಇಲ್ಲ, ಮಿದುಳು ಅಲುಗಿದೆ ಅಷ್ಟೆ ಎಂದಿದ್ದರು ಹೊಸಪೇಟೆಯ ಡಾಕ್ಟರು. ಆದರೆ ಬಿಸಿಲಿಗೆ ಬಂದರೆ ತಲೆ ಸಿಡಿಯುತ್ತಿತ್ತು. ಶಾಲೆಯಲ್ಲಿ ಎದುರು ಕೂತ ಮಕ್ಕಳ ಹೆಸರು ನಾಲಿಗೆಗೆ ಬರದೆ, ಅಳು ಬಂದು, ರಜೆ ಹಾಕಿ ಮನೆಗೆ ಬಂದೆ.

ನೀನು ಕೊಟ್ಟೂರಿನ ಬಸ್ಸಿಗೆ ಕೊಟ್ಟು ಕಳಿಸಿದ ವಿಟಮಿನ್ ಗುಳಿಗೆಗಳನ್ನು ನಮ್ಮ ಮನೆಯವರು ಮೊದಲು ಡಾಕ್ಟರಿಗೆ ತೋರಿಸಿದರು. "ತಗೊಳ್ಳಿ, ಅಡ್ಡಿ ಇಲ್ಲ. ಒಂದೀಟು ಅನುಕೂಲ ಆದ್ರೂ ಆಗಬಹುದು. ಆದ್ರ ಖರೇ ಔಷಧ ವಿಶ್ರಾಂತಿನ ನೋಡ್ರಿ," ಎಂದರಂತೆ. ಅಂದಿನಿಂದ ಇವರು ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಬಟ್ಟೆ ಅಂಗಡಿಗೆ ಹೋಗುವ ಮೊದಲು ಟವೆಲ್ ಸುತ್ತಿಕೊಂಡು ತಾವೇ ರೊಟ್ಟಿ ಬಡಿಯತೊಡಗಿದರು. ಹೊನ್ನೂರಮ್ಮ ಬಾಗಿಲಲ್ಲಿ ನಿಂತು ನೋಡಿ, "ರೊಟ್ಟಿ ಬಡಿಯೋ ಗಂಡ ಸಿಗತಾನಂದ್ರ ನಾನೂ ಒಂದ್ಸಲ ಬೀಳ್ತೀನಿ ಬಿಡಕ್ಕಾ," ಎಂದಳು.

ಈಗ ತಲೆನೋವಿಲ್ಲ. ಶಾಲೆಗೆ ಹೋಗುತ್ತಿದ್ದೇನೆ, ಹೆಸರುಗಳೆಲ್ಲ ಮರಳಿ ಬಂದಿವೆ. ಗುಳಿಗೆಯಿಂದಲೋ ವಿಶ್ರಾಂತಿಯಿಂದಲೋ ನನಗೆ ತಿಳಿಯದು. ಇವರನ್ನು ಕೇಳಿದರೆ ತಮ್ಮ ರೊಟ್ಟಿಯಿಂದ ಎನ್ನುತ್ತಾರೆ. ನನಗಂತೂ ಗುಳಿಗೆ ಕೈಗೆತ್ತಿಕೊಂಡಾಗಲೆಲ್ಲ ನೀನೇ ಎದುರು ನಿಂತು ಗದರಿದಂತಾಗಿ ಅರ್ಧ ನೋವು ಇಳಿಯುತ್ತಿತ್ತು.

ಮಾವನವರಿಗೆ ನನ್ನ ಶರಣು ಹೇಳು. ಮಕ್ಕಳಿಗೆ ಆಶೀರ್ವಾದ. ಕೊಟ್ರೇಶ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ ತಂಗಿ
ಪುಷ್ಪ

ತಾ.ಕ.: ಒಂದು ಮಾತು ಇವರಿಗೂ ಹೇಳಿಲ್ಲ. ಬಿದ್ದಾಗಿನಿಂದ ನನಗೆ ಯಾವ ವಾಸನೆಯೂ ತಿಳಿಯುತ್ತಿಲ್ಲ. ಒಗ್ಗರಣೆ ಹಾಕಿ "ಘಮಾ ಬಂತೇನು?" ಎಂದು ಇವರು ಕೇಳಿದರೆ ಹೂಂ ಎನ್ನುತ್ತೇನೆ. ಅದನ್ನು ತಡೆದುಕೊಂಡೇನು. ಆದರೆ ಅವ್ವ ಹೋದಾಗ ಅವಳ ಇಳಕಲ್ ಸೀರೆಯೊಂದನ್ನು ಒಗೆಯದೆ ಇಟ್ಟುಕೊಂಡಿದ್ದೆನಲ್ಲ, ಮನಸ್ಸು ಕೆಟ್ಟಾಗ ಅದಕ್ಕೆ ಮುಖ ಒತ್ತಿದರೆ ಅವ್ವ ಪಕ್ಕಕ್ಕೆ ಬಂದು ಕೂತಂತಾಗುತ್ತಿತ್ತು. ಮೊನ್ನೆ ತೆಗೆದು ಒತ್ತಿಕೊಂಡೆ. ಬರೀ ಬಟ್ಟೆ. ದೀಪಾವಳಿಗೆ ಬಂದಾಗ ನೀನೊಮ್ಮೆ ಮೂಸಿ ನೋಡಕ್ಕ. ಅವ್ವ ಇನ್ನೂ ಅದರಲ್ಲಿದ್ದರೆ, ನೀನೇ ಒಯ್ದು ಇಟ್ಟುಕೋ.