ಪಕ್ಕಕ್ಕೆ ನೋಡಿದರೆ ಕಾಣುವ ನಕ್ಷತ್ರ

ಫೆಬ್ರವರಿ 12, ಗುರುವಾರ

ಶಾಲೆ ಮುಗಿಸಿ ಕಿಬ್ಬನಹಳ್ಳಿಯಿಂದ ಬಸ್ಸಿನಲ್ಲಿ ನಿಂತೇ ಬಂದೆ. ಕಾಲು ಸೋತಿದೆ, ಆದರೂ ನಿದ್ದೆ ಬರುತ್ತಿಲ್ಲ.

ಅತ್ತೆ ಆರು ತಿಂಗಳಿಂದ ನನಗೆ ಮುಖ ಕೊಟ್ಟು ಮಾತಾಡುತ್ತಿಲ್ಲ. ನಾನು ಎದುರಿಗೇ ಇದ್ದರೂ ಅವರ ಕಣ್ಣು ಕೊಬ್ಬರಿ ಅಟ್ಟದ ಕಡೆಗೆ. ಕೊನೆಗೆ ನಾನೂ ಮಾತು ಬಿಟ್ಟೆ. ತಿಪಟೂರಿನಲ್ಲಿ ಬೇರೆ ಮನೆ ಮಾಡೋಣ ಎಂದು ಮೊನ್ನೆ ಯಜಮಾನರಿಗೂ ಹೇಳಿಬಿಟ್ಟೆ.

ಸಂಜೆ ಕರೆಂಟು ಹೋಯಿತು. ಶಾಲೆಯ ಪ್ರಾಜೆಕ್ಟಿಗೆ ತಾನು ಆರಿಸಿಕೊಂಡ ನಕ್ಷತ್ರ ತೋರಿಸು ಎಂದು ಮಗಳು ಜೀವಿತಾ ಅಂಗಳಕ್ಕೆ ಎಳೆದಳು. ಹೆಸರಿಲ್ಲದ, ಬರೀ ನಂಬರಿನ ಬಿಳಿ ನಕ್ಷತ್ರ. ಸೂರ್ಯನ ಹಾಗೆಯೇ ಹೈಡ್ರೋಜನ್ ಉರಿಸುವ ಪ್ರಧಾನ ಶ್ರೇಣಿಯದು. ಅವನಿಗಿಂತ ಬಿಸಿ, ಇಪ್ಪತ್ತು ಪಟ್ಟು ಪ್ರಕಾಶ. ಬಹಳ ದೂರವಿದೆ, ಅದಕ್ಕೇ ಮಂಕು. ತೆಂಗಿನ ಗರಿಗಳ ಸಂದಿಯಲ್ಲಿ ಅವಳಿಗೆ ಕಾಣಲೇ ಇಲ್ಲ.

“ನೆಟ್ಟಗೆ ನೋಡ್ಬೇಡ ಕಣೇ. ಒಸಿ ಪಕ್ಕಕ್ಕೆ ನೋಡು, ಆಗ ಕಾಣುತ್ತೆ,” ಎಂದೆ.

ಜಗಲಿಯಿಂದ ಅತ್ತೆ ಅಂದರು: “ನಾನೂ ನಿಮ್ಮಮ್ಮನ್ನ ಹಂಗೇ ಕಣವ್ವ ನೋಡೋದು. ನೆಟ್ಟಗೆ ನೋಡಿದ್ರೆ ಮುಖ ಇರೋ ಕಡೆ ಬರೀ ಕಪ್ಪು. ಅಟ್ಟದ ಕಡೆ ನೋಡಿದ್ರೆ ಒಸಿ ಕಾಣ್ತಾಳೆ.”

“ಯಾಕತ್ತೆ ಹೇಳ್ಲಿಲ್ಲ?”

“ನೀನೇ ದಣಿದು ಬತ್ತೀಯ. ನಂಗೂ ವಯಸ್ಸಾಯ್ತು, ಬುಡು.”

ವಿಜ್ಞಾನದ ಟೀಚರು ನಾನು. ವರ್ಷಾ ವರ್ಷ ಮಕ್ಕಳಿಗೆ ಕಣ್ಣಿನ ಪಾಠ ಮಾಡುತ್ತೇನೆ.

ನಾಳೆ ರಜೆ ಹಾಕಿ ಡಾಕ್ಟರಿಗೆ ತೋರಿಸಬೇಕು. ರಾತ್ರಿ ನಾನು ಊಟಕ್ಕೆ ಬಡಿಸುವಾಗ ಅತ್ತೆ ಎಂದಿನಂತೆ ಅಟ್ಟದ ಕಡೆ ತಿರುಗಿ ನನ್ನನ್ನು ನೋಡುತ್ತಿದ್ದರು. ನನಗೇ ಅವರ ಮುಖ ನೋಡಲಾಗಲಿಲ್ಲ.