ಎರಡನೆಯ ಡಬ್ಬಿಯ ಸೀಲು

ಏರುಗುಡ್ಡ, ಪಂಪ್‌ಹೌಸ್ ಸ್ಟೋರು
ಫೆಬ್ರವರಿ ಮೂವತ್ತು, ೨೧೧೮. ಹತ್ತೊಂಬತ್ತನೆಯ ಒಣದಿನ.

ಸ್ಟೋರ್‌ಕೀಪರ್ ಶ್ರೀ ಮುರುಗೇಂದ್ರಪ್ಪನವರಿಗೆ, ಅಂದರೆ ಅಜ್ಜಾರಿಗೆ, ನಿಮ್ಮ ಮೊಮ್ಮಗಳ ಮಗಳಾದ ಹಾಲಮ್ಮ ಕಪಾಟದ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ಫೆಬ್ರವರಿಯನ್ನು ನೀವು ಶತಮಾನಗಟ್ಟಲೆ ಅರೆಹೊಟ್ಟೆಯಲ್ಲಿ ಇಟ್ಟಿದ್ದಿರಿ. ನಾವು ಅದಕ್ಕೆ ಮೂವತ್ತು ದಿನ ತುಂಬಿಸಿ ಕೊಟ್ಟಿದ್ದೇವೆ. ಮೂವತ್ತೆಂಟು ವಯಸ್ಸಿನ ನಿಮ್ಮನ್ನು ಅಜ್ಜಾ ಎಂದು ಕರೆದದ್ದಕ್ಕೂ, ಮುಂದೆ ಬರುವ ಕೆಲವು ವಿಚಿತ್ರ ಪದಗಳಿಗೂ ಕ್ಷಮೆ ಇರಲಿ. ಬೈಗುಳಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದನ್ನು ಹತ್ತೊಂಬತ್ತು ದಿನ ಆರಿಸಿ, ಕೇರಿ, ಚೊಕ್ಕ ಮಾಡಿ ತಂದಿದ್ದೇನೆ.

ಈ ಕಾಗದ ನಿಮಗೆ, ನಿಮ್ಮ ೨೦೨೬ಕ್ಕೆ, ಹಿಂಚೆಯಲ್ಲಿ ಬರುತ್ತಿದೆ. ಅಂಚೆ ಮುಂದಕ್ಕೆ ಹೋಗುತ್ತದೆ, ಹಿಂಚೆ ಹಿಂದಕ್ಕೆ ಹೋಗುತ್ತದೆ, ಇಷ್ಟೇ ವ್ಯತ್ಯಾಸ. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ, ಅದೂ ಸ್ವಂತ ರಕ್ತಸಂಬಂಧದವರಿಗೆ ಮಾತ್ರ. ಬೇರೆಯವರು ಇದನ್ನು ಸತ್ತ ಅವ್ವನಿಗೆ ಎರಡು ಒಳ್ಳೆಯ ಮಾತು ಬರೆಯಲು ಇಟ್ಟುಕೊಳ್ಳುತ್ತಾರೆ. ನಾನು ಸ್ಟೋರ್‌ಕೀಪರನಿಗೆ ಖರ್ಚು ಮಾಡುತ್ತಿದ್ದೇನೆ. ಕಾಗದವನ್ನು ಹಿಂದಕ್ಕೆ ಕಳಿಸಬಲ್ಲವರಿಗೆ ಪಂಪು ನಡೆಸುವ ಒಂದು ಪಿಎಲ್‌ಸಿ ಮಾಡಿಕೊಳ್ಳಲು ಬರುವುದಿಲ್ಲವೇ ಎಂದು ನೀವು ಕೇಳಬಹುದು. ನಿಮ್ಮ ಕಾಲದವರು ಚಂದ್ರನ ಮೇಲೆ ಇಳಿದಿದ್ದಿರಂತೆ. ನಿಮ್ಮ ಆಫೀಸಿನ ಮುಂದಿನ ರಸ್ತೆಯ ಗುಂಡಿ ಮುಚ್ಚಿದ್ದಿರಾ? ಹಾಗಾದರೆ ಆ ಪ್ರಶ್ನೆ ಅಲ್ಲಿಗೇ ಬಿಡಿ.

ವಿಷಯ ಏನೆಂದರೆ, ನೀವು ಕೂರಿಸಿದ ಪಿಎಲ್‌ಸಿ ಸತ್ತಿದೆ. ಯಾವ ಪಂಪು ಯಾವಾಗ ಏಳಬೇಕು, ಯಾವ ವಾಲ್ವು ಎಷ್ಟು ನಿಧಾನಕ್ಕೆ ತೆರೆಯಬೇಕು ಎಂದು ಗೋಡೆಯ ಪ್ಯಾನೆಲ್ಲಿನೊಳಗೆ ಕೂತು ಅಪ್ಪಣೆ ಕೊಡುವ ಆ ಅಂಗೈ ಅಗಲದ ಡಬ್ಬಿ ತೊಂಬತ್ತೆರಡು ವರ್ಷ ದುಡಿಯಿತು. ಕರೆಂಟ್ ಇರುವಾಗಲೇ ಅದರ ಬ್ಯಾಟರಿ ಬದಲಿಸಿ, ಒಳಗಿನ ಬಿಡಿಭಾಗಗಳನ್ನು ಒಂದೊಂದಾಗಿ ಬೆಸೆದು, ನಾಲ್ಕು ತಲೆಮಾರು ಅದನ್ನು ಎಬ್ಬಿಸಿಕೊಂಡು ಬಂದೆವು. ಹತ್ತೊಂಬತ್ತು ದಿನದ ಹಿಂದೆ, ಬೆಳಗಿನ ಒಂಬತ್ತು ಗಂಟೆಗೆ, ಅದರ ಹಸಿರು ದೀಪ ಆರಿತು. ಅಷ್ಟು ದುಡಿದದ್ದಕ್ಕೆ ಸಾಯುವ ಹಕ್ಕಿತ್ತು; ನನಗೆ ಅದರ ಮೇಲೆ ಸಿಟ್ಟಿಲ್ಲ. ನನಗೆ ಸಿಟ್ಟಿರುವುದು ಕಪಾಟಿನಲ್ಲಿ ತೊಂಬತ್ತೆರಡು ವರ್ಷ ಸುಮ್ಮನೆ ಕೂತಿದ್ದ ಎರಡು ಡಬ್ಬಿಗಳ ಮೇಲೆ, ಅವನ್ನು ಕೂರಿಸಿದವರ ಮೇಲೆ.

ಆ ದಿನ ಊರಿಗೆ ಊರೇ ಸ್ಟೋರಿನ ಮುಂದೆ ನೆರೆದಿತ್ತು. ಯಾರ ಮುಖದಲ್ಲೂ ಗಾಬರಿ ಇರಲಿಲ್ಲ, ಯಾಕೆಂದರೆ ಕಪಾಟಿನಲ್ಲಿ ಎರಡು ಸ್ಪೇರ್ ಇದೆ ಎಂದು ಏರುಗುಡ್ಡದಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ನಾನು ಮೊದಲನೆಯ ಡಬ್ಬಿಯ ಸೀಲ್ ಒಡೆದೆ. ಒಳಗಿನ ಬ್ಯಾಟರಿ ಯಾವ ಕಾಲದಲ್ಲೋ ಸೋರಿ, ಹಸಿರು ಹುಗ್ಗಿಯಾಗಿ, ಸುತ್ತಲಿನ ತಂತಿಯನ್ನೆಲ್ಲ ತಿಂದುಬಿಟ್ಟಿತ್ತು. ಒರೆಸಿ ಕರೆಂಟ್ ಕೊಟ್ಟಾಗ ಕೆಂಪು ದೀಪ ಒಂದು ಸಲ ಹೊಳೆಯಿತು, ಸಣ್ಣಗೆ ಹೊಗೆ ಬಂತು, ಮುಗಿಯಿತು. ಮೇಲಾಗಿ ಅದರೊಳಗೆ ಯಾರೂ ಪ್ರೋಗ್ರಾಂ ತುಂಬಿರಲೇ ಇಲ್ಲ. ಅಂದರೆ ಜೀವವಿದ್ದಿದ್ದರೂ ಅದಕ್ಕೆ ಮಾತು ಬರುತ್ತಿರಲಿಲ್ಲ. ನೀವು ಸ್ಟೋರಿನಲ್ಲಿ ಚಿಪ್ ಕಾಯ್ದಿರಿ ಅಜ್ಜಾರೇ, ನಮ್ಮ ಕೈಗೆ ಚಿಪ್ಪು ಕೊಟ್ಟಿರಿ.

ಒಣದಿನಗಳು ಹೇಗಿರುತ್ತವೆ ಎಂದು ಹೇಳುತ್ತೇನೆ. ಕೇಳಿಸಿಕೊಳ್ಳುವುದು ನಿಮ್ಮ ಶಿಕ್ಷೆ. ನಮ್ಮ ಊರು ಹೊಳೆಯಿಂದ ನೂರೈವತ್ತು ಮೀಟರ್ ಎತ್ತರದಲ್ಲಿದೆ; ನೀರು ನಾಲ್ಕು ವಾಲ್ವು ದಾಟಿ ಗುಡ್ಡ ಹತ್ತಬೇಕು. ಈಗ ಮನೆಗೊಬ್ಬರಂತೆ ತಿರುಗಾಳುಗಳಾಗಿ, ಅಂದರೆ ವಾಲ್ವಿನ ಚಕ್ರ ತಿರುಗಿಸುವ ಆಳುಗಳಾಗಿ, ಸರದಿಯಲ್ಲಿ ನಿಲ್ಲುತ್ತೇವೆ. ಬಾವುಟ ಎತ್ತಿ ಹಿಡಿದಾಗ ಒಂದು ಸುತ್ತು, ಬೀಸಿದಾಗ ಅರ್ಧ ಸುತ್ತು. ಎಷ್ಟು ಸೆಕೆಂಡಿಗೆ ಎಷ್ಟು ಸುತ್ತು ಎಂಬ ಲೆಕ್ಕ ಆ ಡಬ್ಬಿಯ ಪ್ರೋಗ್ರಾಮಿನಲ್ಲಿತ್ತು, ಬೇರೆಲ್ಲೂ ಇಲ್ಲ. ಅಂದಾಜಿನ ಮೇಲೆ ದಿನಕ್ಕೆ ಮನೆಗೆ ಎರಡು ಕೊಡ ಹತ್ತಿಸುತ್ತೇವೆ. ಮಾಳಿಗೆಯ ಮೇಲೆ ಮೋಡಬಟ್ಟೆ ಕಟ್ಟಿದ್ದೇವೆ. ಬೆಳಗಿನ ಇಬ್ಬನಿ ಹೀರುವ ಆ ಬಟ್ಟೆ ಹಿಂಡಿದರೆ ಒಬ್ಬರ ಮುಖ ತೊಳೆಯುವಷ್ಟು ನೀರು ಬರುತ್ತದೆ, ಅದೂ ಸಣ್ಣ ಮುಖವಾದರೆ. ಹೆಂಗಸರೆಲ್ಲ ಜಡೆ ಕತ್ತರಿಸಿಕೊಂಡಿದ್ದೇವೆ. ಪಾತ್ರೆಯನ್ನು ಬೂದಿಯಲ್ಲಿ ಉಜ್ಜಿ ಬಟ್ಟೆಯಲ್ಲಿ ಒರೆಸುತ್ತೇವೆ. ಶಾಲೆಯಲ್ಲಿ ಮಕ್ಕಳಿಗೆ ಓಡಾಡುವ ಆಟ ನಿಷೇಧ, ಬಾಯಾರುತ್ತದೆ ಎಂದು. ಕೆಳಗೆ ಹೊಳೆ ಮಾತ್ರ ದಂಡೆ ತುಂಬಿ ಹರಿಯುತ್ತಿದೆ, ನಮ್ಮನ್ನು ಅಣಕಿಸಿದಂತೆ.

ಏಳನೆಯ ಒಣದಿನ ನನ್ನ ತಂಗಿ ನೀಲವ್ವನ ಸರದಿ. ಮೂರನೆಯ ವಾಲ್ವಿನಲ್ಲಿ ನಿಂತಿದ್ದಳು. ಬಿಸಿಲಿಗೆ ಕಣ್ಣು ಕುಕ್ಕಿ ಬಾವುಟದ ಅರ್ಧ ಸುತ್ತನ್ನು ಪೂರ್ತಿ ಸುತ್ತೆಂದುಕೊಂಡು ವಾಲ್ವನ್ನು ಬೇಗ ಮುಚ್ಚಿದಳು. ಮೇಲೇರುತ್ತಿದ್ದ ನೀರು ಮುಚ್ಚಿದ ವಾಲ್ವಿಗೆ ಸುತ್ತಿಗೆಯ ಹಾಗೆ ಬಡಿಯಿತು. ಪೈಪು ಸೀಳಿ ಅವಳ ಬಲಗಾಲಿನ ಮೇಲೆ ಬಿತ್ತು. ಮೂಳೆ ಎರಡು ಕಡೆ ಮುರಿದಿದೆ. ನೋವಿನಲ್ಲೂ ಅವಳ ನಾಲಗೆಗೆ ಪ್ಲಾಸ್ಟರ್ ಬಿದ್ದಿಲ್ಲ. ಹಾಸಿಗೆಯಿಂದಲೇ ಕೂಗುತ್ತಾಳೆ: “ಅಕ್ಕಾ, ನಮ್ಮಜ್ಜ ಆ ಡಬ್ಬಿನ ಮದುವಿ ಹೆಣ್ಣು ಕಾಯ್ದಂಗ ಕಾಯ್ದಾನಲ್ಲೇ! ಯಾರಿಗೆ ಕೊಡಾಕ ಅಂತ ಕೇಳು ಅವನ್ನ!” ಕೇಳುತ್ತಿದ್ದೇನೆ. ಯಾರಿಗೆ ಕೊಡಲು?

ನಿಮ್ಮ ಮೇಲಿನ ಆಪಾದನೆ ಬರೀ ಬಾಯಿಮಾತಿನದಲ್ಲ. ನಿಮ್ಮ ಕಾಲದ ಎಂಜಿನಿಯರ್ ಫರ್ಹತ್ ಮೇಡಂ ಅವರ ಲಾಗ್‌ಬುಕ್ ಇನ್ನೂ ಕಪಾಟಿನಲ್ಲಿದೆ. ನಿಮ್ಮ ಲೆಕ್ಕದಲ್ಲಿ ಹೋದ ಆಯುಧಪೂಜೆಯ ಹಿಂದಿನ ದಿನ ಅವರು ಬರೆದಿದ್ದಾರೆ: ಎರಡೂ ಸ್ಪೇರ್‌ಗಳಿಗೆ ಪ್ರೋಗ್ರಾಂ ತುಂಬಿ, ಒಂದೊಂದು ದಿನ ಓಡಿಸಿ ನೋಡೋಣ ಎಂದು ಕೇಳಿದೆ, ಸ್ಟೋರಿನವರು ಒಪ್ಪಲಿಲ್ಲ, ಕಾರಣ, ಸೀಲ್. ಅದರ ಕೆಳಗೆ ನೀವು, ಏನೋ ದೊಡ್ಡ ತೀರ್ಪು ಕೊಟ್ಟವರ ಹಾಗೆ, ನಿಮ್ಮ ದುಂಡಗಿನ ಅಕ್ಷರದಲ್ಲಿ ಬರೆದಿದ್ದೀರಿ: “ಬಿಡಿ ಮೇಡಂ. ಚಂದ ಐತಿ, ಚಂದ ಇರ್ಲಿ. ಸೀಲ್ ಒಡದ್ರ ಸ್ಟಾಕ್ ನೋಡಾಕ ಬಂದೋರು ನನ್ನ ತಲಿ ಒಡೀತಾರ.” ಬಿಡಿಭಾಗ ಎಂದರೆ ‘ಬಿಡಿ’ ಎನ್ನುವುದೇ ತಮ್ಮ ಭಾಗದ ಕೆಲಸ ಎಂದು ನಿಮಗೆ ಯಾರು ಹೇಳಿಕೊಟ್ಟರು? ಸೀಲಿಗೆ ಇಷ್ಟು ಶೀಲ ಯಾಕೆ?

ಮರುದಿನ ಪೂಜೆ. ಎರಡೂ ಡಬ್ಬಿಗಳನ್ನು ಪೀಠದ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿದಿರಿ, ಚೆಂಡುಹೂ ಮುಡಿಸಿದಿರಿ, ಕುಂಬಳಕಾಯಿ ಒಡೆದಿರಿ. ಒಡೆಯಬೇಕಾದ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒಡೆದಿರಿ. ಅಷ್ಟಕ್ಕೇ ನಿಂತಿದ್ದರೆ ಹೋಗಲಿ ಎನ್ನುತ್ತಿದ್ದೆ. ಫರ್ಹತ್ ಮೇಡಂ ಪ್ರೋಗ್ರಾಮಿನ ಪಾಸ್‌ವರ್ಡನ್ನು ಪ್ಯಾನೆಲ್ ಬಾಗಿಲಿನ ಒಳಮೈ ಮೇಲೆ ಮಾರ್ಕರ್‌ನಿಂದ ಬರೆದಿಟ್ಟಿದ್ದರು. ಅದಿದ್ದರೆ ಓಡುತ್ತಿದ್ದ ಡಬ್ಬಿಯಿಂದ ಪ್ರೋಗ್ರಾಮನ್ನು ಯಾವಾಗ ಬೇಕಾದರೂ ನಕಲು ಮಾಡಿಕೊಳ್ಳಬಹುದಿತ್ತು. ನೀವು ಪೂಜೆಗೆ ಪ್ಯಾನೆಲ್ ಲಕ್ಷಣವಾಗಿ ಕಾಣಲಿ ಎಂದು ಬಾಗಿಲಿಗೆ ಒಳಗೂ ಹೊರಗೂ ಬಣ್ಣ ಬಳಿಸಿದಿರಿ. ನನ್ನ ಅವ್ವ ತನ್ನ ಇಡೀ ಸರ್ವಿಸ್ಸಿನಲ್ಲಿ ಆ ಬಣ್ಣವನ್ನು ಬ್ಲೇಡಿನಿಂದ ಕೆರೆದಳು. ಸಿಕ್ಕಿದ್ದು ಮೂರು ಅಕ್ಷರ, ಒಂದು ಹಲ್ಲಿಯ ಮೊಟ್ಟೆಯ ಗುರುತು. ದೇವರಿಗೆ ಬಣ್ಣ ಬಳಿದವರನ್ನು ನೋಡಿದ್ದೇನೆ. ಬೀಗದ ಕೈಗೆ ಬಣ್ಣ ಬಳಿದವರು ನೀವೊಬ್ಬರೇ.

ನಿಮ್ಮ ನಂತರ ಆ ರೂಢಿ ಬೆಳೆಯಿತು. ಆಯುಧಪೂಜೆಯ ದಿನ ಈಗ ಸೀಲ್‌ದರ್ಶನ ಎಂಬುದು ನಡೆಯುತ್ತದೆ. ಊರವರು ಸಾಲಾಗಿ ಬಂದು ಡಬ್ಬಿಗಳ ಸೀಲ್ ನೋಡಿ, ಕಣ್ಣಿಗೊತ್ತಿಕೊಂಡು, ನೀರಿಗೆ ಭಯವಿಲ್ಲ ಎಂದು ಮನೆಗೆ ಹೋಗುತ್ತಾರೆ. ಕಪಾಟು ಕಾಯುವ ಮನೆತನವೆಂದು ನಮ್ಮ ಅಡ್ಡಹೆಸರೇ ಕಪಾಟದ ಆಯಿತು. ಕಾಯುವವರು ರಿಜಿಸ್ಟರಿನಲ್ಲಿ ‘ಸೀಲ್ ಭದ್ರ’ ಎಂದು ಬರೆದು ಸಹಿ ಹಾಕುತ್ತಾರೆ. ಹೊಳೆಯಲ್ಲಿ ತುಂಗೆ ಇದ್ದಳು, ಕಪಾಟಿನಲ್ಲಿ ಭದ್ರ ಇತ್ತು, ನಲ್ಲಿಯಲ್ಲಿ ಎರಡೂ ಇಲ್ಲ.

ಇಷ್ಟು ಬರೆದು ರಿಜಿಸ್ಟರ್ ತಿರುವಿ ಹಾಕಿದೆ, ನಿಮಗೆ ಇನ್ನಷ್ಟು ಚುಚ್ಚಲು ಏನಾದರೂ ಸಿಗಲಿ ಎಂದು. ಸಿಕ್ಕಿತು. ಕೊನೆಯ ಹನ್ನೊಂದು ಸಹಿ ನನ್ನವು. ಹನ್ನೊಂದು ವರ್ಷ ಆ ಡಬ್ಬಿ ಕೈಯಲ್ಲಿ ಹಿಡಿದು, ಅಲುಗಿಸಿ ನೋಡಿ, ಒಳಗೇನೋ ಸಣ್ಣಗೆ ಗಡಗಡ ಎನ್ನುವುದನ್ನು ಕೇಳಿಯೂ ‘ಸೀಲ್ ಭದ್ರ’ ಎಂದು ಬರೆದಿದ್ದೇನೆ. ನೀಲವ್ವನ ಕಾಲು ಮುರಿದದ್ದರಲ್ಲಿ ನಿಮ್ಮ ಪಾಲಿನಷ್ಟೇ ನನ್ನ ಪಾಲೂ ಇದೆ. ಇದನ್ನು ಅವಳಿಗೆ ಹೇಳಿದೆ. ಅವಳು “ಬರೀ ಬೈಬ್ಯಾಡ, ಮಾಡಾಕ ಏನರ ಹೇಳು” ಎಂದಳು.

ಆದ್ದರಿಂದ ಹೇಳುತ್ತೇನೆ. ಫರ್ಹತ್ ಮೇಡಂಗೆ ಬರುವ ಜೂನ್‌ನಲ್ಲಿ ವರ್ಗ ಆಗುತ್ತದೆ. ಅದು ಅವರಿಗೂ ಇನ್ನೂ ಗೊತ್ತಿಲ್ಲ. ಅಷ್ಟರೊಳಗೆ ಅವರ ಹತ್ತಿರ ಹೋಗಿ. ತಪ್ಪಾಯಿತು ಎಂದು ಹೇಳಿದರೆ ನಿಮ್ಮ ಹಲ್ಲು ಉದುರುವುದಿಲ್ಲ. ನೀವು ಎಂಬತ್ತರವರೆಗೂ ಕಬ್ಬು ಸಿಗಿದು ತಿಂದಿರಿ ಎಂದು ಮನೆಯಲ್ಲಿ ಈಗಲೂ ಹೇಳುತ್ತಾರೆ. ಎರಡನೆಯ ಡಬ್ಬಿಯ ಸೀಲ್ ಒಡೆದು ಪ್ರೋಗ್ರಾಂ ತುಂಬಿಸಿ. ಪಾಸ್‌ವರ್ಡನ್ನು ಮತ್ತೆ ಬರೆಸಿ, ಈ ಸಲ ತಗಡಿನ ಮೇಲೆ ಉಳಿಯಿಂದ ಕೆತ್ತಿಸಿ, ನಿಮ್ಮ ಬಣ್ಣದ ಡಬ್ಬವನ್ನು ಹೊಳೆಗೆಸೆಯಿರಿ. ವಾಲ್ವುಗಳ ಸೆಕೆಂಡಿನ ಲೆಕ್ಕವನ್ನು ಕಾಗದದಲ್ಲಿ, ಓದು ಬಾರದ ಎಂಜಿನಿಯರಿಗೂ ತಿಳಿಯುವಂಥ ಕನ್ನಡದಲ್ಲಿ ಬರೆದಿಡಿ. ಆಮೇಲೆ ರೂಢಿ ಬದಲಿಸಿ: ಆಯುಧಪೂಜೆಯ ದಿನ ಓಡುವ ಡಬ್ಬಿಗೆ ರಜೆ ಕೊಟ್ಟು ಸ್ಪೇರನ್ನು ಪ್ಯಾನೆಲ್ಲಿಗೆ ಕೂರಿಸಿ, ಇಡೀ ದಿನ ಊರಿಗೆ ಅದರಿಂದಲೇ ನೀರು ಕುಡಿಸಿ. ಬ್ಯಾಟರಿ ಹಳೆಯದಾದರೆ ಬದಲಿಸಿ, ಒಳಗಿನದು ಏನು ಒಣಗಿದರೂ ಆಗಲೇ ಬೆಸೆಯಿರಿ. ಅದೇ ಅದರ ಪೂಜೆ. ಆಮೇಲೆ ಬೇಕಾದರೆ ಕುಂಕುಮ ಹಚ್ಚಿ, ನಮ್ಮ ತಕರಾರಿಲ್ಲ. ದುಡಿದದ್ದು ತೊಂಬತ್ತೆರಡು ವರ್ಷ ಬದುಕಿತು, ಕೂತದ್ದು ಕೂತಲ್ಲೇ ಸತ್ತಿತು. ಇದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ.

ಎರಡನೆಯ ಡಬ್ಬಿಯೂ ಏಳದಿದ್ದರೆ ಬರುವ ಸೋಮವಾರ ಊರು ಎತ್ತುವುದೆಂದು ಸಭೆಯಲ್ಲಿ ತೀರ್ಮಾನವಾಗಿದೆ. ಗುಡ್ಡ ಇಳಿದು, ಯಾರ ಯಾರದೋ ಊರಿನ ಅಂಚಿನಲ್ಲಿ ಡೇರೆ ಹಾಕಬೇಕು. ನೀಲವ್ವನನ್ನು ಕುರ್ಚಿಯಲ್ಲಿ ಹೊರಬೇಕು. ಆ ಡಬ್ಬಿಯನ್ನು ನಾನು ಇನ್ನೂ ತೆರೆದಿಲ್ಲ. ಒಡೆದು ನೋಡಿದ್ದನ್ನು ಹಿಂಚೆ ಬದಲಿಸಲಾರದು, ತೆರೆಯದೆ ಇಟ್ಟದ್ದನ್ನು ಬದಲಿಸಬಹುದು. ಈ ಮಧ್ಯಾಹ್ನ ಅದು ನನ್ನ ಮೇಜಿನ ಮೇಲಿದೆ. ಸೀಲ್ ಭದ್ರ. ಸೀಲಿನ ಮೇಲೆ ನಿಮ್ಮ ದುಂಡಗಿನ ಸಹಿ. ಇದನ್ನು ಮತ್ತೆ ಕಪಾಟಿನಲ್ಲಿಟ್ಟು ಬಾಗಿಲು ಹಾಕುತ್ತೇನೆ.

ಹಿಂಚೆ ತಲುಪಲು ಮೂರು ದಿನ. ನಾಲ್ಕನೆಯ ಬೆಳಗ್ಗೆ ನೀಲವ್ವನನ್ನು ಕಪಾಟಿನ ಮುಂದೆ ಕೂರಿಸಿ ಬಾಗಿಲು ತೆಗೆಯುತ್ತೇನೆ. ಆಗ ಆ ಡಬ್ಬಿಯ ಸೀಲ್ ಹರಿದಿರಲಿ. ಮೂಲೆಗಳು ಸವೆದಿರಲಿ, ಸ್ಕ್ರೂಗಳ ತಲೆ ತಿರುಗಿಸಿ ತಿರುಗಿಸಿ ಬೋಳಾಗಿರಲಿ, ನಿಮ್ಮಿಂದ ನನ್ನ ಅವ್ವನವರೆಗೆ ಎಲ್ಲರ ಬೆರಳಿನ ಜಿಡ್ಡು ಮೈತುಂಬ ಮೆತ್ತಿರಲಿ. ಚಂದ ಇರುವುದು ಬೇಡ ಅಜ್ಜಾರೇ.

ಕತ್ತರಿ ಸಿಗಲಿಲ್ಲ ಎಂದು ನೆಪ ಹೇಳಬೇಡಿ. ನಿಮ್ಮ ಮೇಜಿನ ಎಡಗಡೆಯ ಖಾನೆಯಲ್ಲಿದೆ. ಈಗಷ್ಟೇ ನೋಡಿದೆ, ಇನ್ನೂ ಅಲ್ಲೇ ಇದೆ.

ಹಾಲಮ್ಮ