ಜ್ಯೋತ್ಸ್ನಾಳ ಸಹಿ

ಠಾಕುರ್ಲಿ, ಸೋಮವಾರ

ಮಾವನವರಿಗೆ ನಮಸ್ಕಾರ.

ಕೀಮೋ ಮುಗಿಯಿತಲ್ಲ, ಇನ್ನು ಕತ್ತಿ ಯಾಕೆ ಎಂದೋ ಏನೋ ನೀವು ಹೇಳಿದಿರಂತೆ. ಜ್ಯೋತ್ಸ್ನಾ ಅದನ್ನೇ ಹಿಡಿದು ಕೂತಿದ್ದಾಳೆ. ನಿಮ್ಮ ಮನೆತನದಲ್ಲಿ ತಾಯಿಯ ಅಣ್ಣನಾದ ನಿಮ್ಮ ಮಾತೇ ಕೊನೆಯದು, ಗಂಡ ಹೊರಗಿನವನು.

ಅವಳ ಕರುಳಿನಿಂದ ಲಿವರ್‌ಗೆ ಹಬ್ಬಿದ ಗಡ್ಡೆಗಳು ಈಗ ಕುಗ್ಗಿವೆ, ಈಗ ತೆಗೆಯಬಹುದು, ಮತ್ತೆ ಬೆಳೆದರೆ ಆಗದು ಎಂದರು ಡಾಕ್ಟರು. ಆಪರೇಷನ್ನಿನಲ್ಲೇ ಜೀವ ಹೋಗಲೂಬಹುದು. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಒಪ್ಪಿಗೆಯ ಫಾರಂ ಮೂರು ದಿನದಿಂದ ಫ್ರಿಜ್ ಮೇಲಿದೆ. “ಮಾವ ಹೇಳಲಿ, ಮತ್ತೆ ಸಹಿ ಹಾಕ್ತೇನೆ. ನೀವು ನನ್ನ ತಲೆ ತಿನ್ಬೇಡಿ ಮಾರಾಯ್ರೆ,” ಎನ್ನುತ್ತಾಳೆ.

ನನ್ನ ಫೋನ್ ನೀವು ಎತ್ತುವುದಿಲ್ಲ. ಅದಕ್ಕೇ ಊರಿಗೆ ಬರುವ ಧರ್ಮಪಾಲನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಶುಕ್ರವಾರ ಅವಳನ್ನು ಆಸ್ಪತ್ರೆಗೆ ಸೇರಿಸಬೇಕು. ನಮ್ಮ ಮದುವೆಗೆ ಒಪ್ಪಲು ನೀವು ಒಂದು ವರ್ಷ ತೆಗೆದುಕೊಂಡಿರಿ, ನಾನು ಕಾದೆ. ಈ ಸಲ ಗುರುವಾರದೊಳಗೆ ಅವಳಿಗೆ ಹೂಂ ಅನ್ನುತ್ತೀರಾ?

ನಿಮ್ಮ,
ದಯಾನಂದ